ಪುಸ್ತಕದಾಗ ಹಿಂಗಿಲ್ಲ

ಪಣಜಿಯ ಆಚೆಗಿನ ಮಡ್ಕಯಿಯ ಕೈಗಾರಿಕಾ ವಸಾಹತಿನ ಹಿಂದೆ, ಘಟ್ಟದ ಮೇಲಿನಿಂದ ದುಡಿಯಲು ಬಂದ ಕನ್ನಡದವರ ಹದಿನಾಲ್ಕು ಬಾಡಿಗೆ ಖೋಲಿಗಳ ಒಂದು ಸಾಲಿದೆ. ಆ ಸಾಲಿನಲ್ಲಿ ಭಾರಿ ಓದಿದವನು ಯಾರು ಎಂದು ಕೇಳಿದರೆ ಇವತ್ತಿಗೂ ಎಲ್ಲರ ಬೆರಳು ಕೇಶಪ್ಪನ ಕಡೆಗೇ ತಿರುಗುತ್ತದೆ. ಕೇಶಪ್ಪ ಓದಿದ್ದು ಏಳನೇ ಇಯತ್ತೆ. ಹತ್ತನೇ ಇಯತ್ತೆ ದಾಟಿದವರು ಅಲ್ಲೇ ಮೂವರಿದ್ದಾರೆ. ಪಿಯುಸಿ ಪಾಸಾದ ನಂದಾ ಅವನ ಮಗ್ಗುಲ ಖೋಲಿಯಲ್ಲೇ ಇದ್ದಾಳೆ. ಆದರೆ ಓದುವುದು ಬೇರೆ, ಓದಿದವನೆನಿಸಿಕೊಳ್ಳುವುದು ಬೇರೆ. ಎರಡನೆಯದಕ್ಕೆ ಶಾಲೆ ಬೇಕಿಲ್ಲ, ಸಮಯಕ್ಕೆ ಸರಿಯಾಗಿ ಬಾಯಿ ತೆರೆದರೆ ಸಾಕು.

ಹಾಗೆಂದು ಕೇಶಪ್ಪನಿಗೂ ಅಕ್ಷರಕ್ಕೂ ಸಂಬಂಧವೇ ಇರಲಿಲ್ಲ ಎಂದರೆ ಅನ್ಯಾಯವಾದೀತು. ರಟ್ಟಿನ ಡಬ್ಬಿ ಮಾಡುವ ಕಾರ್ಖಾನೆಯಲ್ಲಿ ಹನ್ನೆರಡು ವರ್ಷದಿಂದ ಡಬ್ಬಿಗಳ ಮೇಲೆ ಬಾಣದ ಗುರುತು ಮತ್ತು ‘ಈ ಬದಿ ಮೇಲೆ’ ಎಂಬ ಇಂಗ್ಲಿಷ್ ಠಸ್ಸೆ ಒತ್ತುವುದು ಅವನ ಕೆಲಸ. ದಿನಕ್ಕೆ ಎರಡು ಸಾವಿರ ಸಲ. ಇಷ್ಟು ಅಕ್ಷರಗಳನ್ನು ಕೈಯಾರೆ ಊರೂರಿಗೆ ಕಳಿಸಿದ ಮನುಷ್ಯ ನಮ್ಮ ಸಾಹಿತಿಗಳಲ್ಲಿ ಎಷ್ಟು ಮಂದಿ ಇದ್ದಾರು?

ಅವನ ಕೀರ್ತಿ ಹುಟ್ಟಿದ್ದು ಒಂದು ಭಾನುವಾರ, ಲಾಡಸಾಬನ ಹೊಸ ಟಿವಿಯ ಮುಂದೆ. ಲಾಡಸಾಬ ವಸಾಹತಿನಲ್ಲಿ ಟೆಂಪೋ ಓಡಿಸುವವನು, ಭಜನೆಗೆ ತಬಲಾ ನುಡಿಸುವವನು, ಸಿನೆಮಾದ ಮಟ್ಟಿಗೆ ಇಡೀ ಸಾಲಿಗೆ ಗುರು. ಅಂದು ‘ಮೂರನೆಯ ತೊಟ್ಟಿಲು’ ಎಂಬ ಸಿನೆಮಾ ಹತ್ತಿತ್ತು. ತುಂಗಾ ಎಂಬ ಹೆಣ್ಣುಮಗಳಿಗೆ ಎರಡು ಸಲ ಬಸಿರು ನಿಲ್ಲುವುದಿಲ್ಲ, ಅತ್ತೆ ಮನೆಯವರು ಮಾತಿನಲ್ಲೇ ಸುಡುತ್ತಾರೆ, ಗೌಡನೊಬ್ಬ ಕಾಡುತ್ತಾನೆ, ಕಡೆಗೆ ಮೂರನೆಯ ತೊಟ್ಟಿಲು ತುಂಬುತ್ತದೆ. ತೊಟ್ಟಿಲು ತೂಗುವ ಹೊತ್ತಿಗೆ ಖೋಲಿಯ ತುಂಬ ಬಿಕ್ಕುವ ಸದ್ದು. ಎಲ್ಲರಿಗಿಂತ ಮೊದಲು ಶುರುಮಾಡಿ, ಎಲ್ಲರೂ ನಿಲ್ಲಿಸಿದ ಮೇಲೂ ಅಳುತ್ತಿದ್ದವನು ಕೇಶಪ್ಪ.

“ನೋಡ್ರಿಲ್ಲೆ, ಕೇಶಣ್ಣ ಹೆಂಗ ಅಳಾಕತ್ತಾನ,” ಎಂದ ಲಾಡಸಾಬ. “ಹೆಣ್ಣಮಕ್ಕಳ ಸೈತ ಸುಮ್ಮನಾದ್ರು.”

ಹೆಂಗಸರು ನಕ್ಕರು. ಮೀಸೆ ಹೊತ್ತ ಮನುಷ್ಯ ಏನು ಮಾಡಬೇಕು? ಸಿನೆಮಾ ಶುರುವಾಗುವಾಗ ಪರದೆಯ ಮೇಲೆ ‘ಕಾದಂಬರಿ ಆಧಾರಿತ’ ಎಂದು ಬಂದದ್ದು ಅವನಿಗೆ ಫಕ್ಕನೆ ನೆನಪಾಯಿತು. ಟಾವೆಲ್ಲಿನಿಂದ ಕಣ್ಣೊರೆಸಿಕೊಂಡು, ಗಂಟಲು ಸರಿಮಾಡಿಕೊಂಡು ಹೇಳಿದ: “ಪುಸ್ತಕದಾಗ ಹಿಂಗಿಲ್ಲ. ಸಿನೆಮಾದವರು ಕೆಡಿಸ್ಯಾರ. ಅದಕ್ಕ ಸಂಕಟಾತು.”

ನಗು ನಿಂತಿತು. ಸಾಲಿಗೆ ಹಿರಿಯನಾದ ಗಂಗಪ್ಪಜ್ಜ ಕನ್ನಡಕ ಏರಿಸಿ ಅವನನ್ನು ನೋಡಿದ. “ನೀ ಆ ಪುಸ್ತಕ ಓದೀಯೇನು?”

“ಓದಲಾರದ ಹೇಳ್ತಾರೇನ್ರಿ ಅಜ್ಜಾ?”

“ಪುಸ್ತಕದಾಗ ಹೆಂಗೈತಿ ಮತ್ತ?”

“ಇನ್ನೂ ಚಲೋ ಐತ್ರಿ.”

ಅಂದಿನಿಂದ ಯಾವ ಸಿನೆಮಾ ಮುಗಿದರೂ ಎಲ್ಲರೂ ಒಮ್ಮೆ ಕೇಶಪ್ಪನ ಮುಖ ನೋಡುವುದು ರೂಢಿಯಾಯಿತು. ಕೇಶಪ್ಪ ತಲೆಯನ್ನು ನಿಧಾನಕ್ಕೆ ಅಡ್ಡ ಆಡಿಸಿ, “ಪುಸ್ತಕದಾಗ ಹಿಂಗಿಲ್ಲ,” ಎನ್ನುವನು. ಒಮ್ಮೆ ವಾರ್ತೆ ಮುಗಿದಾಗಲೂ ಬಾಯಿತಪ್ಪಿ ಅದನ್ನೇ ಅಂದನೆಂದು ಅವನ ಹೆಂಡತಿ ಫಕೀರವ್ವ ಹೇಳುತ್ತಾಳೆ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಗಂಡನ ಕೈಯಲ್ಲಿ ರೇಶನ್ ಕಾರ್ಡೊಂದನ್ನು ಬಿಟ್ಟರೆ ಬೇರೆ ಪುಸ್ತಕ ನೋಡದವಳು ಅವಳು. ಆದರೂ ಸುಮ್ಮನಿದ್ದಳು. ಗಂಡನಿಗೆ ನಾಲ್ಕು ಜನ ಮಣೆ ಹಾಕಿದರೆ ಯಾವ ಹೆಂಡತಿಗೆ ಬೇಡ?

ಇಷ್ಟಕ್ಕೇ ನಿಂತಿದ್ದರೆ ಕಥೆಯೇ ಇರುತ್ತಿರಲಿಲ್ಲ. ಶ್ರಾವಣ ಬಂತು.

ಆ ಸಾಲಿನವರದೊಂದು ನೇಮವಿದೆ. ಶ್ರಾವಣದ ನಾಲ್ಕು ಸೋಮವಾರ ಸಂಜೆ ಪುರಾಣ ಹಚ್ಚುತ್ತಾರೆ. ನರಗುಂದದ ಕಡೆಯಿಂದ ಪುರಾಣಿಕರೊಬ್ಬರು ಬಂದು ಓದಿ ಅರ್ಥ ಹೇಳುತ್ತಾರೆ. ಪುರಾಣದಲ್ಲಿ ಮದುವೆ ಬಂದ ದಿನ ಇಲ್ಲಿ ಅಕ್ಷತೆ ಹಾರಬೇಕು, ಹೋಳಿಗೆ ಆಗಬೇಕು. ಪುರಾಣದಲ್ಲಿ ಕೂಸು ಹುಟ್ಟಿದ ದಿನ ಇಲ್ಲಿ ತೊಟ್ಟಿಲು ಕಟ್ಟಿ ಹೆಂಗಸರು ಜೋಗುಳ ಹಾಡಬೇಕು. ಕಡೆಯ ಸೋಮವಾರ ಮಂಗಲ. ಹಚ್ಚಿದ ಪುರಾಣ ಮಂಗಲವಾಗದೆ ನಿಲ್ಲುವಂತಿಲ್ಲ. ಈ ಸಲ ಪುರಾಣಿಕರ ಮೊಣಕಾಲಿಗೆ ಆಪರೇಶನ್ ಆಗಿ, ಅವರೂ ಬರಲಿಲ್ಲ, ಅವರ ಚೀಲದಲ್ಲಿದ್ದ ಪುರಾಣವೂ ಬರಲಿಲ್ಲ.

“ನೇಮ ತಪ್ಪಬಾರದ್ರಿ,” ಎಂದಳು ದ್ರಾಕ್ಷಾಯಿಣವ್ವ. ನಂದಾಳ ಅತ್ತೆ ಅವಳು. ನಂದಾಳಿಗೆ ಆಗ ಏಳು ತಿಂಗಳು. ಮೊದಲಿನ ಎರಡೂ ಕೈಗೆ ಹತ್ತಿರಲಿಲ್ಲ. ಈ ಸಲವಾದರೂ ಕೂಸು ಉಳಿಯಲಿ ಎಂದು ಸೊಸೆಗೆ ನಾಲ್ಕೂ ಸೋಮವಾರ ಪುರಾಣ ಕೇಳಿಸುವುದಾಗಿ ದ್ರಾಕ್ಷಾಯಿಣವ್ವ ಹರಕೆ ಹೊತ್ತಿದ್ದಳು. “ಕೇಶಪ್ಪ ಓದಿದ ಪುಸ್ತಕ ಐತೆಲ್ಲ, ಅದನ್ನ ಹಚ್ರಿ. ಅದರಾಗೂ ನಮ್ಮ ನಂದಾನಂಗ ಎರಡು ಹೋಗಿ ಮೂರನೇದು ತೊಟ್ಟಲದಾಗ ಬರತೈತಿ.”

“ಅವ್ವಾರ, ಅದು ಕಾದಂಬರಿರಿ,” ಎಂದ ಕೇಶಪ್ಪ.

“ಪುಸ್ತಕ ಹೌದೋ ಅಲ್ಲೋ?”

“ಪುಸ್ತಕ ಹೌದ್ರಿ.”

“ಮತ್ತ?”

ಭಾನುವಾರದವರೆಗೂ ಕಾಯದೆ ಶನಿವಾರವೇ ಕೇಶಪ್ಪ ಅರ್ಧ ದಿನ ರಜೆ ಹಾಕಿ ಬಸ್ಸು ಹತ್ತಿ ಪಣಜಿಗೆ ಹೋದ. ಅಲ್ಲಿನ ಒಂದು ವಾಚನಾಲಯದ ಮೂಲೆಯಲ್ಲಿ ಕನ್ನಡಕ್ಕೂ ಒಂದು ಕಪಾಟಿದೆ. ಪುಸ್ತಕ ಸಿಗದಿರಲಿ ಎಂದು ದೇವರಲ್ಲಿ ಬೇಡಿಕೊಂಡೇ ಹುಡುಕಿದ. ಬೇಡಿಕೊಂಡದ್ದಕ್ಕೋ ಏನೋ, ಕೈಯಿಟ್ಟ ಮೊದಲ ಸಾಲಿನಲ್ಲೇ ಸಿಕ್ಕಿತು. ನೂರಾ ಎಂಬತ್ತು ಪುಟ. ರಾತ್ರಿಯೇ ಪೂರ್ತಿ ಓದಿ ಬಿಡುತ್ತೇನೆಂದು ಕುಳಿತವನು ಮೂರನೆಯ ಪುಟದ ಮೇಲೆ ಗೊರಕೆ ಹೊಡೆದ. ಇನ್ನು ಆಯಾ ಸೋಮವಾರದ್ದನ್ನು ಆಯಾ ಸೋಮವಾರವೇ ನೋಡಿಕೊಂಡರಾಯಿತು ಎಂದು ಬೆಳಗ್ಗೆ ತೀರ್ಮಾನಿಸಿದ.

ಮೊದಲ ಸೋಮವಾರ ಖೋಲಿಗಳ ಮುಂದಿನ ತಗಡಿನ ಚಪ್ಪರದಲ್ಲಿ ಜಮಖಾನೆ ಹಾಸಿ, ಮಣೆಯ ಮೇಲೆ ಕಾದಂಬರಿಯನ್ನಿಟ್ಟು ವಿಭೂತಿ, ಕುಂಕುಮ, ಹೂವು ಏರಿಸಿದರು. ಲಾಡಸಾಬ ತಬಲಾ ತಂದ. ಪುರಾಣಿಕನಾದವನು ಪುಸ್ತಕದ ಮೇಲೆ ಕೈಯಿಟ್ಟು ‘ಇದ್ದದ್ದು ಇದ್ದಂಗ ಓದುತ್ತೇನೆ’ ಎಂದರೆ ಸಾಕು. ಕೇಶಪ್ಪನಿಗೆ ಅಷ್ಟು ಸಾಲಲಿಲ್ಲ.

“ಒಂದಕ್ಷರ ಕೂಡಸೂದಿಲ್ಲ, ಒಂದಕ್ಷರ ಕಳಿಯೂದಿಲ್ಲ,” ಎಂದ. “ಸಿನೆಮಾದವರು ಕೆಡಿಸಿದಂಗ ನಾ ಕೆಡಸಂವಲ್ಲ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುವುದು ಇಂಥವರನ್ನು ನೋಡಿಯೇ ಹುಟ್ಟಿದ ಮಾತು.

ಓದು ಶುರುವಾಯಿತು. ಎರಡನೆಯ ಪುಟದಲ್ಲೇ ಲಾಡಸಾಬ ತಬಲಾದ ಮೇಲಿನ ಕೈ ತೆಗೆದ. ತುಂಗಾ ಕಪ್ಪಗಿದ್ದಳು, ಮುಖದ ಮೇಲೆ ಸಿಡುಬಿನ ಕಲೆಗಳಿದ್ದವು ಎಂದು ಪುಸ್ತಕ ಹೇಳುತ್ತಿತ್ತು.

“ತುಂಗಾ ಹಾಲಿನಂಗ ಅದಾಳ,” ಎಂದ ಅವನು. “ನಾ ನಾಕ ಸಲ ನೋಡೇನಿ.”

“ಪುಸ್ತಕದಾಗ ಕರೇ ಅದಾಳ.”

“ಸರಿಯಾಗಿ ನೋಡ ಕೇಶಣ್ಣ, ಸಾಲ ಬಿಟ್ಟಿರಬೇಕು.”

“ಆಕಿನ್ನ ಬರದಂವಗ ಗೊತ್ತೋ, ನಿನಗ ಗೊತ್ತೋ?”

“ಬರದಂವ ಆಕಿನ್ನ ನೋಡ್ಯಾನೇನು? ನಾ ನೋಡೇನಿ.”

ಹೆಂಗಸರೆಲ್ಲ ಲಾಡಸಾಬನ ಪಕ್ಷ ಹಿಡಿದರು. ಹಾಲಿನಂತಿದ್ದ ಹೆಣ್ಣುಮಗಳ ಮೇಲೆ ಕೇಶಪ್ಪ ಬೇಕೆಂದೇ ಕಲೆ ಎಬ್ಬಿಸುತ್ತಿದ್ದಾನೆ ಎಂಬಂತೆ ನೋಡಿದರು. ಆಮೇಲೆ ಬಾವಿ ಬಂತು. ತುಂಗಾಳ ಮನೆಯ ಹಿತ್ತಲ ಬಾವಿಯ ವರ್ಣನೆಗೆ ಬರೆದಾತ ಹನ್ನೊಂದು ಪುಟ ಕೊಟ್ಟಿದ್ದ. ಒಂದಕ್ಷರ ಕಳೆಯುವುದಿಲ್ಲವೆಂದು ಆಣೆ ಮಾಡಿದ ಕೇಶಪ್ಪ ಹನ್ನೊಂದನ್ನೂ ಓದಿದ. ಗಂಗಪ್ಪಜ್ಜ ಒಂಬತ್ತನೆಯ ಪುಟದಲ್ಲಿ ಕೈಮುಗಿದ.

“ತಮ್ಮಾ, ತಾಸಾತು, ನಾವೆಲ್ಲಾ ಬಾವ್ಯಾಗ ಬಿದ್ದೇವಿ. ಯಾರರ ಹಗ್ಗ ಇಳಸ್ರಿ.”

ಎರಡನೆಯ ಸೋಮವಾರ ತುಂಗಾಳ ಮದುವೆ. ಸಿನೆಮಾದಲ್ಲಿ ಅದು ಕಾಲು ತಾಸು ನಡೆಯುತ್ತದೆ, ಹಾಡು ಬೇರೆ. ದ್ರಾಕ್ಷಾಯಿಣವ್ವ ಹೆಣ್ಣಿನ ಕಡೆಯವಳಾಗಿ ಉಡಿ ತುಂಬುವ ಸಾಮಾನು ತಂದಳು. ಫಕೀರವ್ವ ಹೋಳಿಗೆ ಮಾಡಿದಳು. ಎಲ್ಲರೂ ಅರಿಸಿನದ ಅಕ್ಷತೆಯನ್ನು ಮುಷ್ಟಿಯಲ್ಲಿ ಹಿಡಿದು ಎದ್ದು ನಿಂತರು, ಲಾಡಸಾಬ ಕೈ ಎತ್ತಿ ಕಾದ. ಕೇಶಪ್ಪ ಓದಿದ: “ಆ ವೈಶಾಖದಲ್ಲಿ ತುಂಗಾಳ ಮದುವೆಯಾಯಿತು. ಆಷಾಢದಲ್ಲಿ ಅವಳ ಮಾವ ಕಾಲು ಮುರಿದುಕೊಂಡರು.”

ಎತ್ತಿದ ಮುಷ್ಟಿಗಳು ಎತ್ತಿದಲ್ಲೇ ಉಳಿದವು.

“ಲಗ್ನ ಎಲ್ಲಿ?” ಎಂದಳು ದ್ರಾಕ್ಷಾಯಿಣವ್ವ.

“ಆತ್ರೆಲ್ಲಾ.”

“ಯಾವಾಗಾತು? ನಾವೆಲ್ಲಾ ಇಲ್ಲೇ ನಿಂತೇವಿ.”

“ಮಾವನ ಕಾಲು ಬರಿಯಾಕ ಜಾಗ ಐತಿ, ಹುಡಿಗಿ ಲಗ್ನಕ್ಕ ಜಾಗ ಇಲ್ಲೇನು?” ಎಂದ ಲಾಡಸಾಬ. “ಸಿನೆಮಾದವರು ಪಾಪ, ನೂರು ಮಂದಿಗೆ ಊಟ ಹಾಕ್ಯಾರ.”

ಕಡೆಗೆ ಗಂಗಪ್ಪಜ್ಜ ನ್ಯಾಯ ಹೇಳಿದ. ಹಿಡಿದ ಅಕ್ಷತೆ ಕೆಳಗೆ ಚೆಲ್ಲಬಾರದು, ಹುಡುಗಿ ಪುಸ್ತಕದೊಳಗೇ ಇದ್ದಾಳೆ, ಅಲ್ಲಿಗೇ ಹಾಕಿರಿ ಎಂದ. ಇಪ್ಪತ್ತೆಂಟು ಮುಷ್ಟಿ ಅಕ್ಕಿ ತೆರೆದ ಕಾದಂಬರಿಯ ಮೇಲೆ ಬಿತ್ತು. ಪುಸ್ತಕ ಮುಚ್ಚಲಾರದಷ್ಟು ಉಬ್ಬಿತು. ವಾಚನಾಲಯದ ಸ್ವತ್ತು ಎಂದು ಕೇಶಪ್ಪ ಹೌಹಾರಿದಾಗ, ಕಾಲು ಬಾತು ಗೋಡೆಗೊರಗಿ ಕೂತಿದ್ದ ನಂದಾ ಕೈ ಚಾಚಿದಳು. “ಕೊಡ್ರಿ ಕಾಕಾ, ನಾ ಕುಂತಲ್ಲೇ ಆರಿಸಿಕೊಡ್ತೇನಿ. ನನಗೂ ಹೊತ್ತು ಹೋಗತೈತಿ.” ಎರಡು ದಿನ ಕೂತು ಒಂದೊಂದೇ ಪುಟ ತೆರೆದು ಕಾಳು ಆರಿಸಿ, ಮೂರನೆಯ ದಿನ ತಂದುಕೊಟ್ಟಳು.

ಹದಿನೈದು ದಿನದ ಗಡುವು ಮುಗಿಯಿತೆಂದು ಕೇಶಪ್ಪ ಮತ್ತೆ ಪಣಜಿಗೆ ಹೊರಟ. ಹಚ್ಚಿದ ಪುರಾಣವನ್ನು ಪ್ಲಾಸ್ಟಿಕ್ ಚೀಲದಲ್ಲಿ ಒಯ್ಯಲು ದ್ರಾಕ್ಷಾಯಿಣವ್ವ ಬಿಡಲಿಲ್ಲ. ಹಾಗಾಗಿ ಬಿಳಿ ವಸ್ತ್ರದಲ್ಲಿ ಸುತ್ತಿ ತಲೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಅಷ್ಟು ದೂರ ನಿಂತೇ ಹೋದ. ವಾಚನಾಲಯದ ಹೆಂಗಸು ವಸ್ತ್ರ ಬಿಚ್ಚಿ, ಅರಿಸಿನ ಹತ್ತಿದ ಪುಟಗಳನ್ನು ಕನ್ನಡಕದ ಮೇಲಿನಿಂದ ನೋಡಿದಳು. ನಂದಾಳ ಕಣ್ಣು ತಪ್ಪಿಸಿದ ಒಂದು ಕಾಳು ಟಣ್ಣೆಂದು ಮೇಜಿನ ಮೇಲೆ ಬಿತ್ತು.

“ಹೆಂ ಕಿತೆಂ?” ಇದೇನು ಎಂದು ಕೊಂಕಣಿಯಲ್ಲಿ ಕೇಳಿದಳು.

“ಶಾದಿ ಹುವಾ, ಮ್ಯಾಡಮ್,” ಎಂದ ಕೇಶಪ್ಪ.

“ಕಿಸ್ ಕಾ?”

“ಪುಸ್ತಕ್ ಕಾ.”

ಆಕೆ ಅವನನ್ನು, ಕಾಳನ್ನು, ಮತ್ತೆ ಅವನನ್ನು ನೋಡಿ, ಇನ್ನೊಂದು ಮಾತಾಡದೆ ಹದಿನೈದು ದಿನ ಮುಂದಕ್ಕೆ ಹಾಕಿಕೊಟ್ಟಳು. ಸರಕಾರಿ ಕೆಲಸದಲ್ಲಿ ಹೆಚ್ಚು ಪ್ರಶ್ನೆ ಕೇಳುವವರು ನೆಮ್ಮದಿಯಿಂದ ಪಿಂಚಣಿ ತಲುಪುವುದಿಲ್ಲ.

ಮೂರನೆಯ ಸೋಮವಾರ ಗೌಡನ ದಿನ. ಸಿನೆಮಾದ ಗೌಡ ಕಲ್ಲುಗಣಿಯಲ್ಲಿ ಹನ್ನೆರಡು ಜನರನ್ನು ಬಡಿಯುತ್ತಾನೆ. ಪುಸ್ತಕದ ಗೌಡ ಜ್ವರಕ್ಕೆ ಕಷಾಯ ಕೇಳಲು ಬಂದು, ಕುಡಿದು, ತುಂಗಾಳಿಗೆ ಒಳ್ಳೆಯದಾಗಲಿ ಎಂದು ಹರಸಿ ಹೋದ. ಅಂದು ಲಾಡಸಾಬ ತಬಲಾಕ್ಕೆ ಗವಸು ಹಾಕಿಬಿಟ್ಟ. “ನಾಕನೇ ಸ್ವಾಮಾರ ತೊಟ್ಟಲ ಐತೆಲ್ಲ ಅಂತ ಸುಮ್ಮನದೇನಿ,” ಎಂದ. “ಅದನ್ನೊಂದರ ನೆಟ್ಟಗ ಓದು.” ತೊಟ್ಟಿಲಿನ ಸಿದ್ಧತೆ ಆಗಲೇ ನಡೆದಿತ್ತು. ಸಾಂಖಳಿಯ ಬೀಗರ ಮನೆಯಿಂದ ದ್ರಾಕ್ಷಾಯಿಣವ್ವ ಕಟ್ಟಿಗೆಯ ತೊಟ್ಟಿಲನ್ನೇ ತರಿಸಿದ್ದಳು. ಪುರಾಣದ ಕೂಸಿಗೆ ಅದರಲ್ಲಿ ಜೋಗುಳ ಹಾಡಿ, ಎರಡು ತಿಂಗಳಿಗೆ ಅದೇ ತೊಟ್ಟಿಲಲ್ಲಿ ಮೊಮ್ಮಗುವನ್ನು ಹಾಕುವುದು ಅವಳ ಲೆಕ್ಕ.

ನಾಲ್ಕನೆಯ ಸೋಮವಾರ ಮಧ್ಯಾಹ್ನ, ಚಹಾದ ಬಿಡುವಿನಲ್ಲಿ, ಕೇಶಪ್ಪ ಡಬ್ಬಿಗಳ ರಾಶಿಯ ಹಿಂದೆ ಕೂತು ಕಡೆಯ ಭಾಗ ತೆರೆದ. ಪುಟ ನೂರಾ ಎಪ್ಪತ್ತೊಂದರಲ್ಲಿ ತುಂಗಾಳಿಗೆ ಹೆರಿಗೆ ನೋವು ಶುರುವಾಯಿತು. ನೂರಾ ಎಪ್ಪತ್ತಾರರಲ್ಲಿ ತುಂಗಾ ತೀರಿಕೊಂಡಳು. ಕೂಸೂ ಉಳಿಯಲಿಲ್ಲ. ಕಡೆಯ ಪುಟದಲ್ಲಿ ಖಾಲಿ ತೊಟ್ಟಿಲು ಗಾಳಿಗೆ ತೂಗುತ್ತಿತ್ತು, ಅಷ್ಟೇ.

ಆಮೇಲೆ ಕೇಶಪ್ಪ ಠಸ್ಸೆ ಒತ್ತಿದ ಮುನ್ನೂರು ಡಬ್ಬಿಗಳ ಮೇಲೆ ಬಾಣ ಕೆಳಮುಖವಾಗಿತ್ತು. ಸುಪರ್ವೈಜರ್ ಬಂದು, “ಲಕ್ಷ ಖಂಯ್ ಆಸಾ ರೇ ತುಜೆಂ?” ಎಂದು ಕೂಗಿದ. ಲಕ್ಷ್ಯ ಎಲ್ಲಿತ್ತೆಂದು ಹೇಳಿದರೆ ಯಾವ ಸುಪರ್ವೈಜರ್ ನಂಬುತ್ತಾನೆ?

ಮನೆಗೆ ಬಂದವನೇ ಹೆಂಡತಿಯನ್ನು ಒಳಗೆ ಕರೆದು ಸಂಗತಿ ಹೇಳಿದ. ಫಕೀರವ್ವ ಮಂಗಲದ ಸಿಹಿಯಾದ ಮಾದಲಿಗೆ ಬೆಲ್ಲ ಕುಟ್ಟುತ್ತಿದ್ದವಳು ಕೈ ನಿಲ್ಲಿಸಿದಳು.

“ನೀವ ಹೇಳಿದ್ರೆಲ್ಲಾ, ಪುಸ್ತಕದಾಗ ಹಿಂಗಿಲ್ಲಂತ,” ಎಂದಳು. “ಜಲ್ಮದಾಗ ಒಮ್ಮೆ ಖರೇ ಹೇಳೀರಿ ನೋಡ್ರಿ.”

“ಈಗ ಏನ ಮಾಡ್ಲಿ?”

“ಗಂಟಲ ಕೆಟ್ಟೈತಿ ಅನ್ರಿ.”

ಕೇಶಪ್ಪ ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು ಗಂಗಪ್ಪಜ್ಜನ ಹತ್ತಿರ ಹೋಗಿ, ಪಿಸುದನಿಯಲ್ಲಿ, ಇವತ್ತೊಂದು ದಿನ ಪುರಾಣ ಬಿಟ್ಟರೆ ಹೇಗೆ ಎಂದು ಕೇಳಿದ. ಅಜ್ಜ ದಿಗ್ಗನೆ ಎದ್ದು ಕೂತ. “ಮಂಗಲ ಮಾಡದ ಬಿಡೂದ? ಅದೂ ಬಸರಿ ಹೆಣ್ಣಮಗಳು ಹರಕಿ ಹೊತ್ತು ಕೇಳಾಕತ್ತಾಗ? ಗಂಟಲ ಹೋದ್ರ ಹೋಗ್ಲಿ, ಓದು.” ಮಾತು ಮುಗಿಯುವ ಮೊದಲೇ ದ್ರಾಕ್ಷಾಯಿಣವ್ವ ಶುಂಠಿ ಕಷಾಯ ತಂದು ಎದುರಿಗೆ ನಿಂತಿದ್ದಳು. ಓದಿದರೆ ತುಂಗಾ ಸಾಯುತ್ತಾಳೆ, ಬಿಟ್ಟರೆ ನೇಮ ಸಾಯುತ್ತದೆ. ಅತ್ತ ದರಿ, ಇತ್ತ ಪುಲಿ, ನಡುವೆ ಶುಂಠಿ ಕಷಾಯ.

ಸಂಜೆ ಚಪ್ಪರದಲ್ಲಿ ಕಾಲಿಡಲು ಜಾಗವಿರಲಿಲ್ಲ. ತೊಟ್ಟಿಲಿಗೆ ಹೂವು ಸುತ್ತಿದ್ದರು. ಅದರ ಮಗ್ಗುಲಲ್ಲೇ ಹಸಿರು ಸೀರೆಯ ನಂದಾ, ಕೈ ಹೊಟ್ಟೆಯ ಮೇಲಿಟ್ಟುಕೊಂಡು ಕೂತಿದ್ದಳು. ಲಾಡಸಾಬ ಸಿಟ್ಟು ಬಿಟ್ಟು ತಬಲಾದ ಗವಸು ತೆಗೆದಿದ್ದ. ಕೇಶಪ್ಪ ಪುಸ್ತಕಕ್ಕೆ ಕೈಮುಗಿದ. ಅಷ್ಟು ಹೊತ್ತು ಕೈಮುಗಿದದ್ದನ್ನು ನೋಡಿ, ಪುರಾಣಿಕನಿಗೆ ಭಕ್ತಿ ಹೆಚ್ಚಾಯಿತೆಂದು ಜನ ಮೆಚ್ಚಿದರು.

ನೂರಾ ಎಪ್ಪತ್ತೊಂದರವರೆಗೆ ಇದ್ದದ್ದು ಇದ್ದ ಹಾಗೆ ಓದಿದ. ತುಂಗಾಳಿಗೆ ನೋವು ಬಂತು, ಸೂಲಗಿತ್ತಿ ಬಂದಳು, ದೀಪ ಸಣ್ಣದಾಯಿತು. ಕೇಶಪ್ಪ ಪುಟ ತಿರುವಿದ. ನಂದಾಳ ಕಡೆ ನೋಡಿದ. ಅವಳು ಕಣ್ಣು ಮಿಟುಕಿಸದೆ ಅವನನ್ನೇ ನೋಡುತ್ತಿದ್ದಳು.

ಅಲ್ಲಿಂದ ಮುಂದೆ ಕೇಶಪ್ಪನ ಕಣ್ಣು ಪುಟದ ಮೇಲಿತ್ತು, ಬಾಯಿ ಲಾಡಸಾಬನ ಟಿವಿಯ ಮುಂದಿತ್ತು. ಅಂದು ಅತ್ತಿದ್ದು ವ್ಯರ್ಥವಾಗಿರಲಿಲ್ಲ; ಒಂದೊಂದು ಮಾತೂ ನೆನಪಿತ್ತು. ಹೊರಗೆ ಮಳೆ ನಿಂತಿತು, ಒಳಗೆ ಕೂಸು ಅತ್ತಿತು, ಅತ್ತೆ ಸೊಸೆಯ ಕಾಲು ಹಿಡಿದಳು. ಜನ ಮುಂದಕ್ಕೆ ಸರಿದರು. ಲಾಡಸಾಬನ ತಬಲಾ ತಾನಾಗಿ ಹತ್ತಿಕೊಂಡಿತು. ಕೇಶಪ್ಪನಿಗೂ ಹುರುಪು ಬಂತು. ಸಿನೆಮಾದಲ್ಲಿ ಮುಗಿದದ್ದಕ್ಕೆ ಇವನು ನಿಲ್ಲಲಿಲ್ಲ. ಗೌಡ ಮತ್ತೆ ಬಂದು ತೊಟ್ಟಿಲಿಗೆ ಬೆಳ್ಳಿ ಗೆಜ್ಜೆ ಕಟ್ಟಿದ. ಮಾವನ ಮುರಿದ ಕಾಲು ಸರಿಹೋಯಿತು. ಹನ್ನೊಂದು ಪುಟದ ಬಾವಿಯ ನೀರು ಸಿಹಿಯಾಯಿತು. ಕಡೆಗೆ ಸೂಲಗಿತ್ತಿ, “ಇನ್ನೂ ಒಂದು ಐತಿ,” ಎಂದಳು.

ತಬಲಾ ತಡವರಿಸಿತು. “ಸಿನೆಮಾದಾಗ ಒಂದ ಕೂಸೈತಿ,” ಎಂದ ಲಾಡಸಾಬ.

“ಪುಸ್ತಕದಾಗ ಅವಳಿ ಅದಾವು,” ಎಂದ ಕೇಶಪ್ಪ, ಪುಟದಿಂದ ಕಣ್ಣೆತ್ತದೆ.

ಲಾಡಸಾಬ ತಲೆದೂಗಿದ. “ಪುಸ್ತಕಾನ ಚಲೋ ಐತಿ ಬಿಡ್ರಿ.”

ಹೆಂಗಸರು ಜೋಗುಳ ಹಾಡಿದರು, ಕರ್ಪೂರ ಬೆಳಗಿದರು, ಮಾದಲಿ ಹಂಚಿದರು. ದ್ರಾಕ್ಷಾಯಿಣವ್ವ ಪುರಾಣಿಕನ ಕಾಲಿಗೆ ಬೀಳಲು ಬಂದಾಗ ಕೇಶಪ್ಪ ಹೌಹಾರಿ ಕಾಲು ಮಡಚಿಕೊಂಡ. ಒಂದಕ್ಷರ ಕೂಡಿಸುವುದಿಲ್ಲವೆಂದು ಆಣೆ ಮಾಡಿ ಒಂದು ಇಡೀ ಕೂಸನ್ನೇ ಕೂಡಿಸಿದವನ ಕಾಲು ಅದು.

ಎಲ್ಲರೂ ಪ್ರಸಾದ ತಿನ್ನುವ ಗದ್ದಲದಲ್ಲಿದ್ದಾಗ ನಂದಾ ಮೆಲ್ಲಗೆ ಗೋಡೆ ಹಿಡಿದು ಮಣೆಯ ಹತ್ತಿರ ಬಂದು, ಪುಸ್ತಕಕ್ಕೆ ನಮಸ್ಕಾರ ಮಾಡಿದಳು. ಆಮೇಲೆ ಅವನೊಬ್ಬನಿಗೇ ಕೇಳುವಂತೆ ಹೇಳಿದಳು:

“ಪುಸ್ತಕದಾಗ ಹಿಂಗಿಲ್ಲಲ್ರಿ ಕಾಕಾ.”

ಕೇಶಪ್ಪನ ಬಾಯಲ್ಲಿದ್ದ ಮಾದಲಿ ಅಲ್ಲೇ ನಿಂತಿತು. “ನಿನಗ ಹೆಂಗ ಗೊತ್ತವ್ವಾ?”

“ಅಕ್ಕಿ ಆರಸಾಕ ಕೊಟ್ಟಿದ್ರೆಲ್ರಿ. ಕಡೀ ಪುಟದಾಗೂ ಎರಡು ಕಾಳು ಬಿದ್ದಿದ್ವು.”

“ಗೊತ್ತಿದ್ದೂ ಇವತ್ತ ಬಂದು ಕುಂತಿಯಾ?”

“ಎರಡು ವಾರ ನಿದ್ದಿ ಮಾಡಿಲ್ರಿ. ಅತ್ತಿಗೆ ಹೇಳಾಕ ಬರೂದಿಲ್ಲ, ಬಿಟ್ಟು ಏಳಾಕ ಬರೂದಿಲ್ಲ.” ಅವಳು ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡಳು. “ಕಾಕಾ ಏನ ಓದ್ತಾರ ಅಂತ ಅದನ್ನೊಂದ ಕಾಯಕೋತ ಕುಂತಿದ್ದೆ.”

ಕೇಶಪ್ಪ ಮತ್ತೆ ಅಳು ಬರುವಂತಾಗಿ ಟಾವೆಲ್ಲು ಹುಡುಕಿದ. ನಂದಾ ಹೋಗುತ್ತಿದ್ದವಳು ತಿರುಗಿ ನಿಂತಳು.

“ಒಂದ ಮಾತ್ರಿ ಕಾಕಾ. ಆ ಅವಳಿ ಅಂದ್ರೆಲ್ಲಾ, ಅದೊಂದು ವಾಪಸ್ ತಗೋರಿ. ನನಗ ಒಂದ ಸಾಕು.”

ಕೇಶಪ್ಪ ಮುಚ್ಚಿದ ಪುಸ್ತಕವನ್ನು ಮತ್ತೆ ತೆರೆದ. ಖಾಲಿ ತೊಟ್ಟಿಲು ತೂಗುತ್ತಿದ್ದ ಆ ಪುಟದ ಮೇಲೆ ಬೆರಳಿಟ್ಟು, ಗಂಟಲು ಸರಿಮಾಡಿಕೊಂಡು, ಚಪ್ಪರಕ್ಕೆಲ್ಲ ಕೇಳುವಂತೆ ಹೇಳಿದ:

“ಎಲ್ಲಾರೂ ಒಂದೀಟು ತಡೀರಿ. ಒಂದು ಸಾಲು ತಪ್ಪು ಓದೇನಿ. ಕೂಸು ಒಂದ ಐತಿ. ತಾಯಿ ಮಗ ಇಬ್ರೂ ಆರಾಮ ಅದಾರ.”

“ನಾ ಹೇಳಿದ್ದಿಲ್ಲೇನು,” ಎಂದ ಲಾಡಸಾಬ, ಮಾದಲಿಯ ಎಲೆಯಿಂದ ತಲೆಯೆತ್ತದೆ. “ಇವಂಗ ಓದಾಕ ಬರೂದಿಲ್ಲ.”